ಎದುರುಮನೆಯ ಗಿಳಿ ತೋರಣ

ಹೋದ ವಾರ ಕಡೂರಿನ ಬಸ್ ಸ್ಟ್ಯಾಂಡಿನ ಹೊರಗೆ ಚಪ್ಪಲಿ ರಿಪೇರಿಯವನ ಮುಂದೆ ಒಂಟಿ ಕಾಲಿನಲ್ಲಿ ನಿಂತಿದ್ದೆ. ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಅವನು ಉದ್ದನೆಯ ದಾರವನ್ನು ಒಂದು ಮೇಣದ ಉಂಡೆಗೆ ಒತ್ತಿ ಹಿಡಿದು ಸರ್ರನೆ ಎಳೆದ. ಮತ್ತೆ ಒತ್ತಿದ, ಮತ್ತೆ ಎಳೆದ. ಬಿಸಿಲಿಗೆ ಮೆತ್ತಗಾಗಿದ್ದ ಜೇನುಮೇಣದ ವಾಸನೆ ಮೂಗಿಗೆ ಬಡಿಯಿತು. ಅವನು ಚಪ್ಪಲಿಯನ್ನು ನನ್ನ ಕಡೆ ನೂಕಿ, “ಹಾಕ್ಕಳ್ರಮ್ಮ, ಆಯ್ತು” ಅಂದಿದ್ದು ಕೇಳಿಸಿತು. ಆದರೂ ನಾನು ಹಾಗೇ ನಿಂತಿದ್ದೆ. ಕಾಲಿಗೆ ತಣ್ಣನೆಯ ಸಗಣಿ ನೆಲ ತಾಗಿದಂತೆ, ಎಲ್ಲೋ ಒಳಗೆ ಲೋಟ ಇಟ್ಟ ಸದ್ದು ಆದಂತೆ… ಅರವತ್ತು ದಾಟಿದ ಹೆಂಗಸು ನಡುಬೀದಿಯಲ್ಲಿ ಹೀಗೆ ಕಣ್ಣು ಮುಚ್ಚಿ ನಿಂತರೆ ಜನ ಬಿಸಿಲು ಹೊಡೆಯಿತು ಅಂದುಕೊಳ್ಳುತ್ತಾರೆ. ಅವನೂ ಹಾಗೇ ಅಂದುಕೊಂಡ. ನೀರು ಕೊಟ್ಟ.

ಜೇನುಮೇಣದ ವಾಸನೆ ಎಂದರೆ ನನಗೆ ಎದುರುಮನೆ ದೊಡ್ಡಮ್ಮ. ಸಂಬಂಧದಲ್ಲಿ ಅವಳು ನನಗೆ ದೊಡ್ಡಮ್ಮ ಅಲ್ಲ. ಶಿವನಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ನಮ್ಮ ಊರಿನಲ್ಲಿ ಅಮ್ಮನಿಗಿಂತ ಹಿರಿಯರೆಲ್ಲ ದೊಡ್ಡಮ್ಮಂದಿರೇ. ಗಂಡ ತೀರಿಕೊಂಡಿದ್ದ, ನಾಲ್ಕಾರು ತೆಂಗಿನ ಮರ ಇದ್ದವು, ಒಂಟಿ ಜೀವ. ಹಣೆಯ ತುಂಬ ವಿಭೂತಿ, ಸದಾ ಒಗೆದು ಒಗೆದು ಬಣ್ಣ ಬಿಟ್ಟ ಸೀರೆ. ಮಾತು ಕಡಿಮೆ. ಮಣಿ ಹೆಣೆಯುವುದರಲ್ಲಿ ಮಾತ್ರ ಸುತ್ತಲ ಊರುಗಳಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆ ಕಾಲಕ್ಕೆ ಮದುವೆಯಾಗುವ ಹುಡುಗಿ ಗಂಡನ ಮನೆಗೆ ತಾನೇ ಹೆಣೆದ ಮಣಿ ತೋರಣ ಒಯ್ಯಬೇಕಿತ್ತು. ಬಾಗಿಲಿಗೆ ಅದನ್ನು ಕಟ್ಟಿದ ಮೇಲೇ ಆ ಮನೆ ಅವಳದ್ದು ಅನ್ನುತ್ತಿದ್ದರು. ಬುಕ್ಕಾಂಬುಧಿಯ ಕಡೆಯಿಂದಲೂ ಹುಡುಗಿಯರು ಬೇಸಿಗೆ ರಜೆಯಲ್ಲಿ ನೆಂಟರ ಮನೆಗೆ ಬಂದು ಉಳಿದು ದೊಡ್ಡಮ್ಮನ ಹತ್ತಿರ ಕಲಿಯುತ್ತಿದ್ದರಂತೆ. ಅಂತೆ ಅಂದೆ. ಯಾಕೆಂದರೆ ನನಗೆ ಬುದ್ಧಿ ಬರುವ ಹೊತ್ತಿಗೆ ಅವಳ ಮನೆಗೆ ಯಾರೂ ಹೋಗುತ್ತಿರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತಿತ್ತು, ಮಕ್ಕಳ ಎದುರು ಆಡುತ್ತಿರಲಿಲ್ಲ. ದೊಡ್ಡಮ್ಮನಿಗೆ ಒಬ್ಬಳು ಮಗಳಿದ್ದಳು. ದಿನಾ ರೈಲಿನಲ್ಲಿ ಅಜ್ಜಂಪುರದ ಹೈಸ್ಕೂಲಿಗೆ ಹೋಗಿಬರುತ್ತಿದ್ದಳು. ಒಂದು ಬೇಸಿಗೆ ರಜೆಯಲ್ಲಿ ತೋರಣಕ್ಕೆ ಹಸಿರು ಮಣಿ ಸಾಲದೆ ಬಂದು, ಕಡೂರಿನಿಂದ ತರುತ್ತೇನೆಂದು ಬೆಳಗಿನ ಪ್ಯಾಸೆಂಜರ್ ಹತ್ತಿದಳು. ಮಧ್ಯಾಹ್ನದ ಗಾಡಿಗೆ ಬರಬೇಕಿತ್ತು. ಬರಲಿಲ್ಲ. ಬೀರೂರಿನಲ್ಲಿ ಇಳಿದಿದ್ದನ್ನು ಕಂಡೆ ಅಂದವರಿದ್ದರು, ಕಾಣಲಿಲ್ಲ ಅಂದವರಿದ್ದರು. ಹುಡುಕಿದರು, ಕೆರೆ ಬಾವಿ ನೋಡಿದರು, ಶಾಸ್ತ್ರ ಕೇಳಿದರು. ಮಣಿಯ ಪೊಟ್ಟಣ ಮಾತ್ರ ಗಾಡಿಯ ಸೀಟಿನ ಮೇಲೆ ಸಿಕ್ಕಿ, ಕೈಯಿಂದ ಕೈಗೆ ದಾಟಿ, ಕೆಲವು ದಿನದ ಮೇಲೆ ಊರಿಗೆ ಬಂತು. “ಮಣಿ ಬಂತು, ಮಗಳು ಬರಲಿಲ್ಲ” ಅನ್ನುವುದು ನಮ್ಮೂರಲ್ಲಿ ಒಂದು ಮಾತೇ ಆಗಿಹೋಯಿತು. ಆಮೇಲೆ ನಮ್ಮೂರಿನವರು ಹೆಣ್ಣುಮಕ್ಕಳನ್ನು ಓದಿಗೆಂದು ರೈಲು ಹತ್ತಿಸಲಿಲ್ಲ, ಮಣಿ ಕಲಿಯಲು ಆ ಮನೆಗೂ ಕಳಿಸಲಿಲ್ಲ.

ಇನ್ನು ನನ್ನ ವಿಷಯ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು. ಅರ್ಧ ಹೆಣೆದ ವೈರ್ ಬುಟ್ಟಿ, ಒಂದು ಮೂಲೆ ಮಾತ್ರ ಹೊಲಿದ ದಿಂಬಿನ ಕವರು, ಅಗೆದು ಬಿಟ್ಟ ಹೂವಿನ ಪಾತಿ, ಎಲ್ಲ ನನ್ನ ಹೆಸರಿನಲ್ಲಿದ್ದವು. ಏಳನೆಯ ತರಗತಿ ಪಾಸಾಗಿ ಮನೆಗೆ ಬಂದು, ಹೈಸ್ಕೂಲಿಗೆ ಸೇರಿಸು ಅಂದೆ. ಎಪ್ಪತ್ತರ ದಶಕದ ಕೊನೆಯ ಬೇಸಿಗೆ ಅದು. ಅಪ್ಪ ತೆಂಗಿನಗರಿ ಸೀಳುತ್ತಾ ಕೂತಿದ್ದ. ತಲೆ ಎತ್ತಲಿಲ್ಲ.

“ಹಿಡಿದಿದ್ದು ಯಾವ್ದಾದ್ರೂ ಒಂದು ಮುಗ್ಸಿದೀಯೇನೇ? ಮೊದ್ಲು ಒಂದು ಕೆಲ್ಸ ಪೂರ್ತಿ ಮಾಡಿ ತೋರ್ಸು. ಆಮೇಲೆ ರೈಲು ಹತ್ತೋ ಮಾತು.”

ನನ್ನಿಂದ ಆಗದು ಅನ್ನುವ ಧೈರ್ಯದ ಮೇಲೇ ಹೇಳಿದ ಮಾತು ಅದು. ಇಲ್ಲ ಅನ್ನಲು ಬಾಯಿ ಬಾರದೆ ಹೀಗೆ ಸುತ್ತಿ ಬಳಸಿ ಹೇಳಿದ ಅಂತ ಈಗ ಅರ್ಥವಾಗುತ್ತದೆ. ಆಗ ನನಗೆ ಸಿಟ್ಟು ಬಂದಿತ್ತು. ಜಗಲಿಯ ಮೇಲೆ ಕಾಲು ಅಪ್ಪಳಿಸಿಕೊಂಡು ಕೂತೆ. ಎದುರುಮನೆಯ ಬಾಗಿಲು ಒಂದು ಗೇಣು ತೆರೆದಿತ್ತು. ಅಲ್ಲಿಂದ ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಬಾರೇ ಇಲ್ಲಿ” ಅಂದಳು. ಅವಳಾಗಿ ನನ್ನನ್ನು ಕರೆದದ್ದು ಅದೇ ಮೊದಲು.

ಒಳಗೆ ಕತ್ತಲೆ, ತಂಪು. ನಡುಮನೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರ ಮುಂದೆ ನನ್ನನ್ನು ನಿಲ್ಲಿಸಿ, ರಜೆಯಲ್ಲಿ ಏನು ಮುಗಿಸುತ್ತೀಯ, ಬಾಯಿಬಿಟ್ಟು ಹೇಳು ಅಂದಳು. ಅವಳ ಹತ್ತಿರ ಕಲಿಯಲು ಬಂದ ಹುಡುಗಿಯರೆಲ್ಲ ಹಾಗೆ ಹೇಳಬೇಕಿತ್ತಂತೆ. ಮನಸ್ಸಿನಲ್ಲಿ ಅಂದುಕೊಂಡಿದ್ದು ಮನಸ್ಸಿನಲ್ಲೇ ಕೊಳೆಯುತ್ತದೆ, ಬಾಯಿಂದ ಬಂದದ್ದನ್ನು ಮಾತ್ರ ಮನೆ ಕೇಳಿಸಿಕೊಳ್ಳುತ್ತದೆ ಅನ್ನುವುದು ಅವಳ ಲೆಕ್ಕ. ನಾನು ಸಿಟ್ಟಿನಲ್ಲೇ ಇದ್ದೆ. ಸಣ್ಣದು ಹೇಳಿದರೆ ಅಪ್ಪ ನಗುತ್ತಾನೆ ಅನಿಸಿತು.

“ಶಾಲೆ ಬಾಗಿಲು ತೆಗೆಯೋ ಮುಂಚೆ ಜೋಡಿ ಗಿಳಿ ತೋರಣ ಮುಗಿಸ್ತೀನಿ” ಅಂದೆ.

ದೊಡ್ಡಮ್ಮ ಪೆಟ್ಟಿಗೆಯ ಕಡೆ ತಿರುಗಿದಳು. ಕೇಳಿಸಲಿಲ್ಲವೇನೋ ಅಂದುಕೊಂಡು ಇನ್ನೊಂದು ಸಲ ಹೇಳಲು ಹೊರಟೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಬೆರಳುಗಳಿಂದ ಜೇನುಮೇಣದ ವಾಸನೆ ಬಂತು. ಅವಳ ಮಗಳು ಕಾಣೆಯಾದ ಬೇಸಿಗೆಯಲ್ಲಿ ಅದೇ ಪೆಟ್ಟಿಗೆಯ ಮುಂದೆ ನಿಂತು ಇದೇ ಮಾತನ್ನು ಹೀಗೇ ಆಡಿದ್ದಳು ಅನ್ನುವುದು ನನಗೆ ತಿಳಿದದ್ದು ಆಮೇಲೆ, ಅಮ್ಮನಿಂದ.

ಪೆಟ್ಟಿಗೆಯಿಂದ ಒಂದು ಬಿಳಿ ಬಟ್ಟೆಯ ಸುರುಳಿ ತೆಗೆದು ಬಿಚ್ಚಿದಳು. ಬಿದಿರು ಕಡ್ಡಿಗೆ ಇಳಿಬಿಟ್ಟ ತೋರಣ. ಎರಡು ಗಿಳಿ ಎದುರುಬದುರು ಕೂರಬೇಕು, ನಡುವೆ ಕಮಲ. ಕಮಲ ಮುಗಿದಿತ್ತು. ಎಡಗಡೆಯ ಗಿಳಿ ಮುಗಿದಿತ್ತು. ಬಲಗಡೆಯದಕ್ಕೆ ಕೊಕ್ಕು, ತಲೆ, ಸ್ವಲ್ಪ ಕೊರಳು… ಅಲ್ಲಿಂದ ಕೆಳಗೆ ಬರೀ ದಾರ. ಎರಡಕ್ಕೂ ಕಣ್ಣಿರಲಿಲ್ಲ. ಕಣ್ಣಿನ ಜಾಗದಲ್ಲಿ ಒಂದೊಂದು ತೂತು, ಅದರೊಳಗಿಂದ ಗೋಡೆ ಕಾಣುತ್ತಿತ್ತು. ಅದನ್ನು ಗೂಟಕ್ಕೆ ತೂಗುಹಾಕಿ, ಇದನ್ನು ನೋಡಿಕೊಂಡು ನಿನ್ನದು ಹೆಣಿ ಅಂದಳು.

“ಕಣ್ಣು ಯಾಕಿಲ್ಲ ದೊಡ್ಡಮ್ಮ?”

“ಕಣ್ಣಿಟ್ರೆ ಅದು ಬಾಗ್ಲು ಕಾಯಾಕೆ ಶುರು ಮಾಡ್ತದೆ ಕಣೇ. ಅರ್ಧ ಮೈ ಇಟ್ಕೊಂಡು ಏನು ಕಾಯ್ತದೆ? ಎಲ್ಲಾ ಮುಗಿದ್ಮೇಲೆ ಕಣ್ಣು. ಶುರು ಮಾಡ್ದೋರೇ ಇಡ್ಬೇಕು, ಬೇರೆಯೋರು ಇಡಂಗಿಲ್ಲ.”

ಇದು ಅವಳ ಕೈಯಲ್ಲಿ ಕಲಿತವರೆಲ್ಲ ಪಾಲಿಸುತ್ತಿದ್ದ ನೇಮ. ಆ ದಿನ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಕಲಿಯುವುದು ಕಷ್ಟವಿತ್ತು. ಒಂದೇ ದಾರಕ್ಕೆ ಎರಡು ಸೂಜಿ, ಮಣಿಯೊಳಗೆ ಅವು ಎದುರುಬದುರು ಹಾದುಹೋಗಬೇಕು, ಪ್ರತಿ ಸಾಲಿನ ಕೊನೆಗೆ ಗಂಟು. ಗಂಟು ಸಡಿಲವಾದರೆ ಗಿಳಿಯ ಹೊಟ್ಟೆ ಜೋತುಬೀಳುತ್ತಿತ್ತು. ದೊಡ್ಡಮ್ಮ ಬಯ್ಯುತ್ತಿರಲಿಲ್ಲ, ಬಿಚ್ಚುತ್ತಿದ್ದಳು. ನಾನು ಬೆಳಗಿನಿಂದ ಹೆಣೆದದ್ದನ್ನು ಎಲೆಯಡಿಕೆ ಜಗಿಯುತ್ತ ಜಗಿಯುತ್ತ ಬಿಚ್ಚಿ ಮಡಿಲಿಗೆ ಸುರಿದುಕೊಳ್ಳುತ್ತಿದ್ದಳು. ಮೊದಲ ವಾರದಲ್ಲೇ ಬಿಟ್ಟುಬಿಡುತ್ತೇನೆಂದು ಮನೆಯಲ್ಲಿ ಎಲ್ಲರೂ ಕಾದರು. ನಾನೂ ಕಾದೆ ಅನ್ನಬೇಕು. ಆದರೆ ಏನೋ ಒಂದು ಎಳೆಯುತ್ತಿತ್ತು, ಊಟದ ಮಧ್ಯದಲ್ಲಿ ಕೈ ತುಡಿಯುತ್ತಿತ್ತು. ಹೈಸ್ಕೂಲಿನ ಆಸೆ ಅಂದುಕೊಂಡೆ.

ಆ ಮನೆಯ ಮಧ್ಯಾಹ್ನಗಳ ಬಗ್ಗೆ ಹೇಳಬೇಕು. ನಮ್ಮ ಕಡೆ ದೆವ್ವಕ್ಕೆ ಕತ್ತಲೆಯೇ ಬೇಕೆಂದಿಲ್ಲ, ಮಟಮಟ ಮಧ್ಯಾಹ್ನ ಸಾಕು. ನಾಯಿ ಕೂಡ ಬೊಗಳದ ಹೊತ್ತು, ನೆರಳು ಕಾಲಡಿಗೆ ಸೇರಿಕೊಂಡಿರುವ ಹೊತ್ತು. ದೊಡ್ಡಮ್ಮ ಮೂರು ಮಣೆ ಹಾಕುತ್ತಿದ್ದಳು. ಮೂರು ಲೋಟ ಮಜ್ಜಿಗೆ. ಒಂದು ನನಗೆ, ಒಂದು ಅವಳಿಗೆ, ಒಂದು ಬಾಗಿಲಿಗೆ ಮುಖ ಮಾಡಿದ್ದ ಖಾಲಿ ಮಣೆಯ ಮುಂದೆ. ಯಾರಿಗೆಂದು ಕೇಳಿದ್ದಕ್ಕೆ, “ಬಿಸ್ಲಲ್ಲಿ ಬರೋರಿಗೆ” ಅಂದಳು. ಯಾರೂ ಬರುತ್ತಿರಲಿಲ್ಲ. ಸಂಜೆ ಅದನ್ನು ಒಯ್ದು ತೆಂಗಿನ ಬುಡಕ್ಕೆ ಸುರಿಯುತ್ತಿದ್ದಳು.

ಆ ಹೊತ್ತಿಗೇ ಮಧ್ಯಾಹ್ನದ ಗಾಡಿ. ಶಿವನಿಯ ಕಡೆಯಿಂದ ಸಿಳ್ಳೆ ಕೇಳಿಸಿದ್ದೇ ತಡ, ದೊಡ್ಡಮ್ಮ ಸೂಜಿ ಕೆಳಗಿಡುತ್ತಿದ್ದಳು. ನನಗೂ ಕಣ್ಸನ್ನೆಯಲ್ಲೇ ಕೆಳಗಿಡು ಅನ್ನುತ್ತಿದ್ದಳು. ಮಾತಿಲ್ಲ, ಅಲುಗಾಟವಿಲ್ಲ. ಸ್ಟೇಷನ್ನಿನಲ್ಲಿ ಇಳಿದ ಒಬ್ಬಳು ಹುಡುಗಿ ಹಳಿ ದಾಟಿ, ಜಾಲಿ ಸಾಲು ಹಾದು, ರಾಗಿ ಕಣದ ಪಕ್ಕದಲ್ಲಿ ಹಾಯ್ದು, ನಮ್ಮ ಬೀದಿಗೆ ತಿರುಗಿ, ಬಾಗಿಲಿಗೆ ಬಂದು ಮುಟ್ಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಾಗೇ ಕೂತಿರುತ್ತಿದ್ದಳು. ಅವಳ ಕಣ್ಣಿನ ಗುಡ್ಡೆ ನಿಧಾನವಾಗಿ ಸರಿಯುತ್ತಿತ್ತು. ಗೋಡೆಯಾಚೆಗೆ ನಡೆದು ಬರುವ ಯಾರನ್ನೋ ಹಿಂಬಾಲಿಸಿದಂತೆ ಅದು ಬಾಗಿಲಿನವರೆಗೆ ಬಂದು ನಿಲ್ಲುತ್ತಿತ್ತು. ಆಮೇಲೆ ಒಂದು ಉಸಿರು ಬಿಟ್ಟು ಸೂಜಿ ಎತ್ತಿಕೊಳ್ಳುತ್ತಿದ್ದಳು.

ಮೊದಮೊದಲು ನನಗೆ ನಗು ಬರುತ್ತಿತ್ತು, ತುಟಿ ಕಚ್ಚಿ ತಡೆಯುತ್ತಿದ್ದೆ. ಆಮೇಲೆ ನಾನೂ ಅರಿವಿಲ್ಲದೆ ಆ ದಾರಿಯನ್ನು ಮನಸ್ಸಿನಲ್ಲೇ ನಡೆಯತೊಡಗಿದೆ. ಹಳಿ, ಜಾಲಿ, ಕಣ, ಬೀದಿ… ಒಂದು ಮಧ್ಯಾಹ್ನ, ಮನಸ್ಸಿನಲ್ಲಿ ಬೀದಿ ತಿರುಗಿದ ಹೊತ್ತಿಗೆ ಸರಿಯಾಗಿ ಹೊರಗೆ ಹೆಜ್ಜೆ ಸದ್ದು ಕೇಳಿಸಿತು. ಬರಿಗಾಲಿನ ಸದ್ದು, ಬಿಸಿ ಮಣ್ಣಿನ ಮೇಲೆ ಬೇಗ ಬೇಗ ಎತ್ತಿಡುವ ಹೆಜ್ಜೆ. ಜಗಲಿಯ ಹತ್ತಿರ ಬಂದು ನಿಂತಿತು. ಬಾಗಿಲು ತಟ್ಟಲಿಲ್ಲ. ವಾಪಸ್ಸು ಹೋದದ್ದೂ ಕೇಳಿಸಲಿಲ್ಲ. ದೊಡ್ಡಮ್ಮನನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಮನೆಗೆ ಹೊರಟಾಗ ಜಗಲಿಯ ಮೇಲೆ ಯಾರೂ ಇರಲಿಲ್ಲ. ಯಾರೋ ನಮ್ಮೂರಿನವರೇ ನೆರಳಿಗೆ ನಿಂತು ಹೋಗಿರಬಹುದು. ಹಾಗೆ ಅಂದುಕೊಂಡೇ ಬೀದಿ ದಾಟಿದೆ, ಸ್ವಲ್ಪ ಜೋರಾಗಿಯೇ ದಾಟಿದೆ.

ಎರಡನೆಯ ಗಿಳಿಯ ಕೊರಳಿಗೆ ಬರುವಷ್ಟರಲ್ಲಿ ನನ್ನ ಹಸಿರು ಮಣಿ ಮುಗಿಯಿತು. ಅಪ್ಪ ಅಜ್ಜಂಪುರದಲ್ಲಿ ಕೇಳಿ ಬಂದ, ಆ ಹಸಿರು ಸಿಗಲಿಲ್ಲ. ತರೀಕೆರೆಗೆ ಹೋಗುವವರಿಗೆ ಹೇಳಿಕಳಿಸಿದೆವು, ಸಿಕ್ಕಿದ್ದು ಬೇರೆ ಹಸಿರು. ಇನ್ನು ಕಡೂರಿಗೇ ಹೋಗಬೇಕು ಅಂದೆ. ಅಮ್ಮ ಒಲೆಯ ಮುಂದಿನಿಂದ ಎದ್ದು ಹೊರಗೆ ಹೋದಳು.

ಮಾರನೆಯ ದಿನ ದೊಡ್ಡಮ್ಮ ಪೆಟ್ಟಿಗೆಯ ತಳದಿಂದ ಒಂದು ಪೊಟ್ಟಣ ತೆಗೆದಳು. ಹಳದಿಯಾದ ಕಾಗದ, ಮೇಲೆ ಸುತ್ತಿದ ದಾರದ ಗಂಟನ್ನು ಅಂಗಡಿಯವನು ಹಾಕಿದ ಮೇಲೆ ಯಾರೂ ಬಿಚ್ಚಿರಲಿಲ್ಲ. ಹಲ್ಲಿನಿಂದ ಕಚ್ಚಿ ಗಂಟು ಬಿಚ್ಚಿ ತಟ್ಟೆಗೆ ಸುರಿದಳು. ಮಳೆ ಬಂದಂತೆ ಸದ್ದಾಯಿತು. ನನ್ನ ತೋರಣದ ಹಸಿರು ಅದೇ. ಸ್ವಲ್ಪವೂ ಹೆಚ್ಚು ಕಡಿಮೆ ಇರಲಿಲ್ಲ.

“ನಿಂಗೇ ಬಂದಂಗದೆ” ಅಂದಳು. ಅಷ್ಟೇ.

ಬೇಡ ಅನ್ನಲು ಬಾಯಿ ಬರಲಿಲ್ಲ. ಹಾಗೆಂದು ಬೇಕು ಅಂತಲೂ ಅನಿಸಲಿಲ್ಲ. ಅಪ್ಪನ ಮಾತು ನೆನಪಾಯಿತು, ರೈಲು ನೆನಪಾಯಿತು, ಸೂಜಿ ಎತ್ತಿಕೊಂಡೆ. ಮಣಿಗಳು ತಣ್ಣಗಿದ್ದವು. ಅಂಥ ಬೇಸಿಗೆಯಲ್ಲೂ ಬಾವಿಯಿಂದ ಆಗ ತಾನೆ ತೆಗೆದಂತೆ ತಣ್ಣಗಿದ್ದವು.

ಅಲ್ಲಿಂದಾಚೆ ಕೆಲಸ ತಾನೇ ಓಡಿತು. ಸಾಲಿನ ಮೇಲೆ ಸಾಲು, ಬಿಚ್ಚುವ ಪ್ರಮೇಯವೇ ಇಲ್ಲ. ದೊಡ್ಡಮ್ಮ ನನ್ನ ಹಿಂದೆ ಕೂತು ತಲೆ ಬಾಚುತ್ತಿದ್ದಳು. ಬೈತಲೆಯನ್ನು ಪಕ್ಕಕ್ಕೆ ತೆಗೆದು, ಒಂದೇ ಜಡೆ ಬಿಗಿಯಾಗಿ ಹೆಣೆದು, ತುದಿಗೆ ರಿಬ್ಬನ್ನು ಕಟ್ಟದೆ ಕೂದಲನ್ನೇ ಸುತ್ತಿ ಸಿಗಿಸುತ್ತಿದ್ದಳು. ನನಗೆ ನಿದ್ದೆ ಬಂದಂತಾಗುತ್ತಿತ್ತು. ಕೈ ಮಾತ್ರ ನಡೆಯುತ್ತಿತ್ತು. ಎಷ್ಟೋ ಸಲ ಕಣ್ಣು ಬಿಟ್ಟರೆ ಬಿಸಿಲು ಮೂಲೆಯಿಂದ ಮೂಲೆಗೆ ಸರಿದಿರುತ್ತಿತ್ತು, ತಟ್ಟೆಯ ಮಣಿ ಇಳಿದಿರುತ್ತಿತ್ತು…

ಅಮ್ಮ ಗಮನಿಸಿದ್ದು ರಂಗೋಲಿ ಹಾಕುವಾಗ. ನಾನು ಅಂಗಳದಲ್ಲಿ ಚುಕ್ಕಿ ಇಡುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತವಳು ಕೈಯಲ್ಲಿದ್ದ ಮೊರವನ್ನು ನೆಲಕ್ಕಿಟ್ಟಳು.

“ಯಾವ ಕೈಯಾಗೆ ಹಾಕ್ತಿದೀಯೇ ಅದು?”

ನೋಡಿಕೊಂಡೆ. ಎಡಗೈ. ನಾನು ಹುಟ್ಟಾ ಬಲಗೈಯವಳು. ಅಮ್ಮ ಹತ್ತಿರ ಬಂದು ನನ್ನ ಗಲ್ಲ ಹಿಡಿದು ಬೈತಲೆ ನೋಡಿದಳು, ಜಡೆಯ ತುದಿ ನೋಡಿದಳು. ಹಸಿರು ಮಣಿ ಎಲ್ಲಿಂದ ಬಂತು ಅಂತ ಕೇಳಿದಳು. ಹೇಳಿದೆ. ಅಮ್ಮನ ಮುಖ ಸುಣ್ಣ ಬಳಿದಂತಾಯಿತು. ಆ ದಿನವೇ ನನಗೆ ಎಲ್ಲವೂ ತಿಳಿದದ್ದು. ಆ ಹುಡುಗಿ ಎಡಚಿ, ಅವಳ ಗಂಟುಗಳು ಯಾವಾಗಲೂ ಎಡಕ್ಕೆ ತಿರುಗಿರುತ್ತಿದ್ದವು. ಅವಳ ಜಡೆ ಹೀಗೇ ಇರುತ್ತಿತ್ತು. ಪೆಟ್ಟಿಗೆಯ ಮುಂದೆ ಅವಳು ಆಡಿದ್ದೂ ಇದೇ ಮಾತು.

“ಇವತ್ತಿಂದ ಆ ಮನೆ ಮೆಟ್ಲು ಹತ್ತಿದ್ರೆ ಕಾಲು ಮುರೀತೀನಿ” ಅಂದಳು ಅಮ್ಮ. ಕೊರಳಿಗೆ ಅಂತ್ರ ಹಾಕಿಸಿದಳು, ದೃಷ್ಟಿ ತೆಗೆದಳು, ಜಡೆ ಬಿಚ್ಚಿ ಎರಡು ಜಡೆ ಹಾಕಿದಳು.

ನನ್ನ ತೋರಣ ಆ ಮನೆಯಲ್ಲೇ ಉಳಿಯಿತು. ಬಾಲದ ತುದಿ ಮತ್ತು ಕಣ್ಣುಗಳು ಬಾಕಿ. ಶಾಲೆ ತೆರೆಯುವುದಕ್ಕೆ ಹೆಚ್ಚು ದಿನ ಇರಲಿಲ್ಲ. ಅಪ್ಪ ನನ್ನನ್ನು ನೋಡಿದಾಗಲೆಲ್ಲ ಏನೂ ಕೇಳದೆ ಗರಿ ಸೀಳುತ್ತಿದ್ದ. ಅವನಿಗೆ ಸಮಾಧಾನವಾಗಿತ್ತು ಅಂತ ಕಾಣುತ್ತದೆ. ನನಗೆ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಆ ಮನೆಯ ಬಾಗಿಲಿನ ಕಡೆ ಮುಖ ಮಾಡಿ ಮಲಗುತ್ತಿರಲಿಲ್ಲ. ಆದರೆ ಇದೂ ಅರ್ಧಕ್ಕೇ ನಿಂತರೆ ನನ್ನ ಬಾಳಿನಲ್ಲಿ ಇನ್ನು ಯಾವುದೂ ಪೂರ್ತಿಯಾಗುವುದಿಲ್ಲ ಅನ್ನುವ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ದೆವ್ವಕ್ಕಿಂತ ತೆಂಗಿನಗರಿಗೆ ನಾನು ಹೆಚ್ಚು ಹೆದರಿದೆ. ಅಪ್ಪನ ಪಕ್ಕದಲ್ಲಿ ಗರಿ ಸೀಳುತ್ತ ಕೂತ ನನ್ನನ್ನೇ ನಾನು ಕಂಡಿದ್ದೆ.

ಒಂದು ಮಧ್ಯಾಹ್ನ ಅಮ್ಮ ಅಡ್ಡಾಗಿದ್ದಾಗ ಬೀದಿ ದಾಟಿದೆ.

ಬಾಗಿಲು ತೆರೆದೇ ಇತ್ತು. ದೊಡ್ಡಮ್ಮ ಎರಡು ತೋರಣಗಳನ್ನೂ ಚಾಪೆಯ ಮೇಲೆ ಪಕ್ಕ ಪಕ್ಕ ಹಾಸಿಕೊಂಡು ಕೂತಿದ್ದಳು. ನನ್ನನ್ನು ಕಂಡು ಚಾಪೆಯ ಮೇಲೆ ಜಾಗ ಮಾಡಿದಳು. ನಾನು ಕೂತು ಬಾಲದ ತುದಿ ಮುಗಿಸಿದೆ. ಬಲಗೈಯಲ್ಲೇ, ಕೈಯನ್ನು ನೋಡಿಕೊಂಡು ನೋಡಿಕೊಂಡು ಮುಗಿಸಿದೆ. ತಲೆ ಎತ್ತಿದಾಗ ಪಕ್ಕದ ತೋರಣದ ಮೇಲೆ ಕಣ್ಣು ಬಿತ್ತು.

ಆ ಹುಡುಗಿಯ ಎರಡನೆಯ ಗಿಳಿ ಪೂರ್ತಿಯಾಗಿತ್ತು. ಕೊರಳು, ಹೊಟ್ಟೆ, ರೆಕ್ಕೆ, ಉದ್ದನೆಯ ಬಾಲ… ಬರೀ ದಾರವಿದ್ದ ಕಡೆಯೆಲ್ಲ ಹಸಿರು. ಬೆರಳಿನಿಂದ ಸವರಿ ನೋಡಿದೆ. ಗಂಟುಗಳು ಎಡಕ್ಕೆ ತಿರುಗಿದ್ದವು.

“ಯಾರು ಹೆಣೆದಿದ್ದು ದೊಡ್ಡಮ್ಮ?”

ಅವಳು ನನ್ನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. ಆ ನಿದ್ದೆಗಣ್ಣಿನ ಮಧ್ಯಾಹ್ನಗಳಲ್ಲಿ ನಾನೇ ಹೆಣೆದಿದ್ದೆನೋ, ನಾನು ಬರದ ದಿನಗಳಲ್ಲಿ ಅವಳೇ ಮಗಳ ಗಂಟನ್ನು ಹಾಕಿಕೊಂಡು ಕೂತಿದ್ದಳೋ, ಇನ್ನೇನೋ… ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೇ ನಿಜ.

ಅವಳು ಅಂಗೈಯಲ್ಲಿ ಕಪ್ಪು ಮಣಿಗಳನ್ನು ಇಟ್ಟುಕೊಂಡು ನನ್ನ ಮುಂದೆ ಚಾಚಿದಳು. ಕಣ್ಣಿನ ಮಣಿ.

“ಇಡು ಮಗಾ” ಅಂದಳು.

ನನ್ನನ್ನು ಅವಳು ಎಂದೂ ಮಗಾ ಅಂದವಳಲ್ಲ. ಶುರು ಮಾಡಿದವರೇ ಇಡಬೇಕು ಅನ್ನುವ ನೇಮ ನೆನಪಾಯಿತು. ಈ ಮಣಿ ಇಟ್ಟುಬಿಟ್ಟರೆ ನಾನು ಬೀದಿ ದಾಟಿ ನಮ್ಮ ಮನೆಗೆ ಹೋಗಲಾರೆ, ಹೋದರೂ ಅಮ್ಮ ನನ್ನನ್ನು ಗುರುತು ಹಿಡಿಯಲಾರಳು ಅನಿಸಿತು. ಕೂತ ಕಡೆಯೇ ಹಿಂದಕ್ಕೆ ಸರಿದೆ.

“ನಾನು ಅವಳಲ್ಲ ದೊಡ್ಡಮ್ಮ.”

ನನ್ನ ದನಿ ನನಗೇ ಕೇಳಿಸಿದ್ದು ಅನುಮಾನ. ಅವಳಿಗೆ ಕೇಳಿಸಿತ್ತು. ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಮುಖದ ಮೇಲೆ ಏನೋ ಇಳಿದುಹೋಯಿತು. ಕಣ್ಣಲ್ಲಿ ನೀರು ತುಂಬಿತು, ಕೆಳಗೆ ಬೀಳಲಿಲ್ಲ.

“ಗೊತ್ತು ಕಣವ್ವ” ಅಂದಳು. “ನಿಂದಕ್ಕೆ ಇಡು ಅಂದೆ.”

ನಾನು ನನ್ನ ಗಿಳಿಗಳಿಗೆ ಕಣ್ಣಿಟ್ಟೆ. ಅವಳು ಅಂಗೈಯಲ್ಲಿ ಉಳಿದ ಮಣಿಗಳನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಸೂಜಿಗೆ ದಾರ ಪೋಣಿಸಿದಳು. ದಾರವನ್ನು ಮೇಣಕ್ಕೆ ಎಳೆದಳು. ಮಗಳ ತೋರಣವನ್ನು ತೊಡೆಯ ಮೇಲೆ ಎಳೆದುಕೊಂಡು, ಇಷ್ಟು ವರ್ಷ ಯಾರೂ ಮುರಿಯದ ತನ್ನ ನೇಮವನ್ನು ತಾನೇ ಮುರಿದು, ಮೊದಲ ಗಿಳಿಗೆ ಕಣ್ಣಿಟ್ಟಳು. ಎರಡನೆಯದಕ್ಕೆ ಇಡುವಾಗ ಬಾಯಲ್ಲಿ ಏನೋ ಅನ್ನುತ್ತಿದ್ದಳು. ಮಗುವನ್ನು ಮಲಗಿಸುವಾಗ ಅನ್ನುವಂಥದ್ದು.

ನಾನು ಆವತ್ತು ಚಿಕ್ಕವಳು. ಆದರೂ ಅಲ್ಲಿ ನಡೆದದ್ದು ನನಗೆ ಅರ್ಥವಾಯಿತು. ಮಗಳು ಬಂದು ಇಡುತ್ತಾಳೆ ಅನ್ನುವ ಕಾರಣಕ್ಕೇ ಅವಳು ಆ ಎರಡು ತೂತುಗಳನ್ನು ಉಳಿಸಿಕೊಂಡಿದ್ದಳು. ಈಗ ಅವನ್ನು ತಾನೇ ಮುಚ್ಚಿದಳು.

ಸ್ಟೂಲು ಹಾಕಿಕೊಂಡು ಆ ತೋರಣವನ್ನು ಬಾಗಿಲಿಗೆ ಕಟ್ಟಿದಳು. ಆಗಲೇ ಶಿವನಿಯ ಕಡೆಯಿಂದ ಸಿಳ್ಳೆ ಕೇಳಿಸಿತು. ಅವಳು ಕೂರಲಿಲ್ಲ. ಬಾಗಿಲನ್ನು ಎರಡೂ ಕದ ತೆರೆದು, ಒಬ್ಬರು ಒಳಗೆ ಬರುವಷ್ಟು ಜಾಗ ಬಿಟ್ಟು ಪಕ್ಕಕ್ಕೆ ನಿಂತಳು. ಹಳಿ, ಜಾಲಿ, ಕಣ, ಬೀದಿ… ಹೊರಗೆ ಎಲೆ ಅಲುಗುತ್ತಿರಲಿಲ್ಲ. ತೋರಣ ಮಾತ್ರ ಅಲುಗಿತು. ಬಗ್ಗಿ ಒಳಗೆ ಬರುವವರ ತಲೆ ತಾಗಿದರೆ ಎಷ್ಟು ಅಲುಗುತ್ತದೋ ಅಷ್ಟು, ಮಣಿಗೆ ಮಣಿ ತಾಗಿ ಸಣ್ಣಗೆ ಸದ್ದಾಯಿತು.

“ಬಾರವ್ವ” ಅಂದಳು ದೊಡ್ಡಮ್ಮ. “ಬಿಸ್ಲಲ್ಲಿ ನಿಂತೂ ನಿಂತೂ ಸಾಕಾಗಿತ್ತೇನೋ.”

ನನ್ನ ಪಕ್ಕದಿಂದ ತಂಪು ಹಾದುಹೋಯಿತು. ಹೆದರಿ ಕಿರುಚಬೇಕಿತ್ತು, ಕಿರುಚಲಿಲ್ಲ. ಅಳು ಬಂತು. ದೊಡ್ಡಮ್ಮ ಒಳಗೆ ಹೋಗಿ ಖಾಲಿ ಮಣೆಯ ಪಕ್ಕ ಕೂತು ಗೋಡೆಗೆ ಒರಗಿದಳು. ಅಷ್ಟು ವರ್ಷ ತೆಂಗಿನ ಬುಡಕ್ಕೆ ಸುರಿಯುತ್ತಿದ್ದ ಆ ಮೂರನೆಯ ಲೋಟವನ್ನು ಎತ್ತಿ, ತಾನೇ ಒಂದೇ ಗುಟುಕಿಗೆ ಕುಡಿದಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಅಳಲು ಶುರು ಮಾಡಿದಳು. ಆ ಅಳು ಕೇಳಿ ನಮ್ಮ ಅಮ್ಮ ಓಡಿ ಬಂದಳು. ನನ್ನ ಕಾಲು ಮುರಿಯಲಿಲ್ಲ. ದೊಡ್ಡಮ್ಮನ ಪಕ್ಕ ಕೂತು ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ನನ್ನನ್ನು ಕೇಳಿದ್ದು ಒಂದೇ.

“ಕಣ್ಣು ಯಾವ ಕೈಯಾಗಿಟ್ಟೆ?”

“ಬಲಗೈಯಾಗೆ.”

ಅಮ್ಮ ತಲೆಯಾಡಿಸಿದಳು.

ಆ ತಿಂಗಳಲ್ಲೇ ದೊಡ್ಡಮ್ಮ ಮಠದಿಂದ ಅಯ್ಯನವರನ್ನು ಕರೆಸಿ, ಮಗಳ ಹೆಸರಿನಲ್ಲಿ ಆಗಬೇಕಾದ್ದನ್ನೆಲ್ಲ ಮಾಡಿಸಿದಳು. ಊರು ಊಟಕ್ಕೆ ಹೋಯಿತು. ಅಪ್ಪ ನನ್ನ ತೋರಣವನ್ನು ಬೆಳಕಿಗೆ ಹಿಡಿದು ಎಲ್ಲಾದರೂ ಒಂದು ಮಣಿ ತಪ್ಪಿದೆಯೇ ಅಂತ ಮೂಲೆಯಿಂದ ಮೂಲೆಗೆ ನೋಡಿದ. ಸಿಗಲಿಲ್ಲ. ತೆಂಗಿನಗರಿಯನ್ನು ಪಕ್ಕಕ್ಕಿಟ್ಟು, ಬೆಳಗಿನ ಗಾಡಿ ಎಷ್ಟೊತ್ತಿಗೆ ಅಂತ ಕೇಳಿದ. ಸೋತ ಮನುಷ್ಯ ಅಷ್ಟು ಚಂದವಾಗಿ ಮಾತಾಡಿದ್ದನ್ನು ನಾನು ಮತ್ತೆ ಕಂಡಿಲ್ಲ.

ಶಾಲೆ ತೆರೆದ ದಿನ ದೊಡ್ಡಮ್ಮ ಸ್ಟೇಷನ್ನಿಗೆ ಬಂದಳು. ಮಗಳು ಹೋದ ಮೇಲೆ ಅವಳು ಆ ಕಡೆ ಕಾಲಿಟ್ಟಿರಲಿಲ್ಲವಂತೆ. ನಾನು ಕಿಟಕಿಯ ಪಕ್ಕ ಕೂತೆ. ಗಾಡಿ ಅಲುಗಿದಾಗ ಅಪ್ಪ ಕೈ ಎತ್ತಿದ, ಅಮ್ಮ ಕೈ ಎತ್ತಿದಳು. ದೊಡ್ಡಮ್ಮನೂ ಎತ್ತಿದಳು. ಆದರೆ ಅವಳು ನೋಡುತ್ತಿದ್ದದ್ದು ನನ್ನ ಕಿಟಕಿಯನ್ನಲ್ಲ, ಪಕ್ಕದ್ದನ್ನು. ನಗುತ್ತಿದ್ದಳು. ತಿರುಗಿ ನೋಡಿದೆ. ಆ ಸೀಟಿನಲ್ಲಿ ಯಾರೂ ಇರಲಿಲ್ಲ. ಹೈಸ್ಕೂಲು ಮುಗಿಯುವವರೆಗೂ, ಗಾಡಿ ಎಷ್ಟು ಖಾಲಿಯಿದ್ದರೂ ನನ್ನ ಪಕ್ಕದ ಕಿಟಕಿಯ ಸೀಟಿನಲ್ಲಿ ನಾನು ಬ್ಯಾಗಿಡಲಿಲ್ಲ.

ದೊಡ್ಡಮ್ಮ ತೀರಿಕೊಂಡದ್ದು ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಿದ್ದಾಗ. ಅಜ್ಜಂಪುರದಲ್ಲಿ ಉಳಿದಿದ್ದೆ, ಯಾರೂ ತಿಳಿಸಲಿಲ್ಲ, ಓದು ಕೆಡುತ್ತದೆ ಅಂತ. ಬಂದಾಗ ಎಲ್ಲ ಮುಗಿದಿತ್ತು. ಅವರ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಿದರಂತೆ. ಬಾಗಿಲ ತೋರಣವನ್ನು ಬಿಚ್ಚಿ ಅವಳ ಮಡಿಲಿಗೆ ಇಟ್ಟವಳು ನಮ್ಮಮ್ಮ. ನಾನು ಅಮ್ಮನ ಮೇಲೆ ಬಹಳ ದಿನ ಮುನಿಸಿಕೊಂಡಿದ್ದೆ. ಕಾಯಲೆಂದು ಕಣ್ಣಿಟ್ಟ ಮೇಲೆ ಅದು ಬಾಗಿಲಲ್ಲೇ ಇರಬೇಕಿತ್ತು ಅನ್ನುವುದು ನನ್ನ ವಾದ. ಅಮ್ಮನಿಗೆ ನನ್ನ ವಾದ ಅರ್ಥವಾಗಲಿಲ್ಲ, ಅವಳೂ ಈಗಿಲ್ಲ.

ಟೀಚರ್ ಆ‌ಗಿ ತರೀಕೆರೆ, ಯಗಟಿ ಎಲ್ಲ ಸುತ್ತಿ ಈಗ ಕಡೂರಿನಲ್ಲಿ ನೆಲೆ ನಿಂತಿದ್ದೇನೆ. ಕೆಲಸದಲ್ಲಿದ್ದಾಗ ಪ್ರತಿ ಬೇಸಿಗೆ ರಜೆಯ ಹಿಂದಿನ ದಿನ ಮಕ್ಕಳನ್ನು ಎದ್ದು ನಿಲ್ಲಿಸಿ, ಏನು ಮುಗಿಸುತ್ತೀರಿ, ಬಾಯಿಬಿಟ್ಟು ಹೇಳಿ ಅನ್ನುತ್ತಿದ್ದೆ. ಮಕ್ಕಳು ಸೈಕಲ್ಲು, ಈಜು, ಮಗ್ಗಿ ಅನ್ನುತ್ತಿದ್ದವು. ಯಾವುದಾದರೂ ಹುಡುಗಿ ತಡೆದು ತಡೆದು ಹೇಳಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಈ ಮಾತನ್ನು ಇದಕ್ಕೆ ಮುಂಚೆ ಯಾರು ಆಡಿ, ಮುಗಿಸದೆ ಹೋಗಿದ್ದಾರೋ ಅನ್ನುವ ಯೋಚನೆ.

ಚಪ್ಪಲಿ ಹಾಕಿಕೊಂಡವಳು ಮನೆಗೆ ಹೋಗದೆ ಊರಿನ ಬಸ್ಸು ಹತ್ತಿದೆ. ದೊಡ್ಡಮ್ಮನ ಮನೆ ಇದ್ದ ಜಾಗದಲ್ಲಿ ಹಿಟ್ಟಿನ ಗಿರಣಿ ಬಂದಿದೆ, ಷಟರು ಎಳೆದಿತ್ತು. ಬೀದಿಯಲ್ಲಿ ನನ್ನ ಗುರುತು ಹಿಡಿದವರು ಒಬ್ಬರೂ ಇಲ್ಲ. ಮಧ್ಯಾಹ್ನದ ಗಾಡಿ ಹೋಯಿತು, ಈಗಿನ ಗಾಡಿಗಳಿಗೆ ಆ ಸಿಳ್ಳೆ ಇಲ್ಲ. ಆದರೂ ನಿಂತೆ. ಆ ಹುಡುಗಿ ಸತ್ತಿದ್ದಾಳೆ ಅಂತ ಊರು ಊಟ ಮಾಡಿತು, ದೊಡ್ಡಮ್ಮ ಒಪ್ಪಿಕೊಂಡಳು, ನಾನೂ ಒಪ್ಪಿಕೊಂಡಿದ್ದೇನೆ. ಆದರೆ ನಿಜವಾಗಿ ನೋಡಿದವರು ಯಾರೂ ಇಲ್ಲ. ಎಲ್ಲೋ ಬದುಕಿದ್ದು ಎಪ್ಪತ್ತರ ಮುದುಕಿಯಾಗಿ ಒಂದು ಮಧ್ಯಾಹ್ನ ಶಿವನಿಯಲ್ಲಿ ಇಳಿದು ನಡೆದು ಬಂದರೆ, ನಿನ್ನ ಅವ್ವ ಇಲ್ಲೇ ಕಾದಿದ್ದಳು ಅಂತ ಹೇಳಲು ಉಳಿದಿರುವವಳು ನಾನೊಬ್ಬಳೇ. ನಾನು ಅವಳ ಮುಖವನ್ನು ಎಂದೂ ನೋಡಿಲ್ಲ.